ಗುಣವಾಗದ ಕ್ಯಾನ್ಸರ್ ಇರುವ ಹೆಂಡತಿಯನ್ನು ನೋಡಿಕೊಳ್ಳುತ್ತಿದ್ದೇನೆ. ನನಗೆ ಮಾನಸಿಕ ಆಸರೆ ಎಲ್ಲಿ ಸಿಗುತ್ತದೆ?

ನಿಮ್ಮ ಪತ್ನಿಗೆ ಅಂಡಾಶಯದ ಕ್ಯಾನ್ಸರ್ ನಾಲ್ಕನೆಯ ಹಂತದಲ್ಲಿದೆ, ಕೀಮೋ ಮುಂದುವರಿಸಿ ಪ್ರಯೋಜನವಿಲ್ಲವೆಂದು ಬೆಂಗಳೂರಿನ ವೈದ್ಯರು ಹೇಳಿ ಶಿವಮೊಗ್ಗಕ್ಕೆ ಕಳಿಸಿದ್ದಾರೆ, ಎಲ್ಲರ ಮುಂದೆ ಧೈರ್ಯವಾಗಿರುವ ತಾವು ಯಾರ ಹತ್ತಿರ ಅಳಬೇಕು ಎಂದು ಕೇಳಿದ್ದೀರಿ. ಇದೇ ಕಾಯಿಲೆಯಲ್ಲಿ ಹೆಂಡತಿಯನ್ನು ಕೊನೆಯವರೆಗೂ ಮನೆಯಲ್ಲೇ ನೋಡಿಕೊಂಡವನಾಗಿ ಬರೆಯುತ್ತಿದ್ದೇನೆ, ನಾನು ವೈದ್ಯನಲ್ಲ.

ಹೊರಗೆ ಆಸರೆ ಹುಡುಕುವ ಮೊದಲು, ಮನೆಯೊಳಗೆ ಏನನ್ನು ಮುಚ್ಚಿಟ್ಟಿದ್ದೀರಿ ಎಂದು ನೋಡಿಕೊಳ್ಳಿ. ‘ಅವಳಿಗೆ ಹೇಳಬೇಡಿ, ತಡೆದುಕೊಳ್ಳುವುದಿಲ್ಲ’ ಎಂದು ಹಿರಿಯರು ಹೇಳುತ್ತಾರೆ, ನಾವೂ ಒಪ್ಪುತ್ತೇವೆ. ಆದರೆ ಹೊಟ್ಟೆಯಲ್ಲಿ ಮತ್ತೆ ಮತ್ತೆ ನೀರು ತುಂಬಿ ಅದನ್ನು ತೆಗೆಸಿಕೊಂಡು ಬಂದವಳಿಗೆ, ಕೀಮೋ ನಿಂತದ್ದನ್ನೂ ನೆಂಟರು ಇದ್ದಕ್ಕಿದ್ದಂತೆ ಬರತೊಡಗಿದ್ದನ್ನೂ ಕಂಡವಳಿಗೆ, ಯಾರೂ ಹೇಳದೆಯೇ ಬಹುಪಾಲು ತಿಳಿದಿರುತ್ತದೆ. ನಮಗೆ ನೋವಾಗಬಾರದೆಂದು ಅವಳೂ ತಿಳಿಯದವಳಂತೆ ಇರುತ್ತಾಳೆ. ನೀವು ಅನುಭವಿಸುತ್ತಿರುವ ಒಂಟಿತನದಲ್ಲಿ ದೊಡ್ಡ ಪಾಲು ಈ ಗುಟ್ಟಿನಿಂದ ಬಂದದ್ದೆಂದು ನನ್ನ ಅನಿಸಿಕೆ. ನಮ್ಮನ್ನು ನೋಡುತ್ತಿದ್ದ ಉಪಶಮನ ಆರೈಕೆಯ, ಅಂದರೆ ರೋಗ ಗುಣವಾಗದಿದ್ದರೂ ನೋವು, ಸಂಕಟಗಳನ್ನು ತಗ್ಗಿಸುವ ಪ್ಯಾಲಿಯೇಟಿವ್ ಕೇರ್‌ನ, ವೈದ್ಯೆ ನನಗೆ ಹೇಳಿಕೊಟ್ಟ ದಾರಿ ಸರಳವಾಗಿತ್ತು: ನೀವಾಗಿ ಏನನ್ನೂ ಹೇಳಬೇಡಿ, ‘ಡಾಕ್ಟರು ಹೇಳಿದ್ದರಲ್ಲಿ ನಿನಗೆ ಏನು ಅರ್ಥವಾಯಿತು, ಇನ್ನೇನಾದರೂ ಕೇಳಬೇಕು ಅನ್ನಿಸುತ್ತದೆಯೇ?’ ಎಂದು ಕೇಳಿ ಸುಮ್ಮನೆ ಕುಳಿತುಕೊಳ್ಳಿ. ನನ್ನ ಹೆಂಡತಿ ಸಾವಿನ ಮಾತಿಗಿಂತ ಮೊದಲು ತಾನು ಕಟ್ಟುತ್ತಿದ್ದ ಚೀಟಿಯ ಲೆಕ್ಕ ಹೇಳಿದಳು, ಮಗಳಿಗೆ ಯಾವ ಒಡವೆ ಎಂದು ಹೇಳಿದಳು, ಆಮೇಲೆ ಇಬ್ಬರೂ ಅತ್ತೆವು. ಅಂದಿನಿಂದ ನನ್ನ ದುಃಖವನ್ನು ಹಂಚಿಕೊಳ್ಳಲು ಮನೆಯಲ್ಲೇ ಒಬ್ಬರು ಸಿಕ್ಕಂತಾಯಿತು. ನಿಮ್ಮ ಪತ್ನಿ ಮುಖ ತಿರುಗಿಸಿದರೆ ಮಾತ್ರ ಒತ್ತಾಯಿಸಬೇಡಿ; ತಿಳಿಯದಿರುವ ಹಕ್ಕೂ ರೋಗಿಯದೇ.

ಎರಡನೆಯದಾಗಿ, ಉಪಶಮನ ಆರೈಕೆಯನ್ನು ಕೊನೆಯ ವಾರಕ್ಕೆಂದು ಎತ್ತಿಡಬೇಡಿ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಎಂಬ, ಕೊನೆಯ ಹಂತದ ರೋಗಿಗಳ ಆರೈಕೆ ಕೇಂದ್ರವನ್ನು ಆರಂಭಿಸಿದ ಸಿಸಿಲಿ ಸಾಂಡರ್ಸ್ ಅವರು ದೇಹದ ನೋವಿನ ಜೊತೆಗೆ ಮನಸ್ಸಿನ, ಸಂಸಾರದ, ನಂಬಿಕೆಯ ನೋವುಗಳನ್ನೂ ಸೇರಿಸಿ ‘ಸಮಗ್ರ ನೋವು’ ಎಂದು ಕರೆದರು. ಅದಕ್ಕೇ ಈ ವಿಭಾಗದಲ್ಲಿ ರೋಗಿಯಷ್ಟೇ ಗಮನ ಮನೆಯವರಿಗೂ ಸಿಗುತ್ತದೆ, ಆಪ್ತಸಮಾಲೋಚಕರು ನಿಮ್ಮನ್ನೂ ಕೂರಿಸಿ ಮಾತನಾಡಿಸುತ್ತಾರೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿ ಇಂಥ ವಿಭಾಗವಿದೆ. 1994ರಲ್ಲಿ ಸ್ಥಾಪನೆಯಾದ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ನಡೆಸುವ ಕರುಣಾಶ್ರಯವು ಗುಣವಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತದೆ. ನಿಮ್ಮ ಊರಿನಲ್ಲಿ ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ.

ನಿಮ್ಮ ಪತ್ನಿಯ ನೋವು ಹತೋಟಿಗೆ ಬಂದರೆ ನಿಮ್ಮ ಸಂಕಟವೂ ಇಳಿಯುತ್ತದೆ. ರಾತ್ರಿಯಿಡೀ ನರಳುವವರ ಪಕ್ಕದಲ್ಲಿ ಕುಳಿತವನಿಗೆ ಯಾವ ಸಮಾಧಾನದ ಮಾತೂ ನಾಟುವುದಿಲ್ಲ. ವೈದ್ಯರು ಮಾರ್ಫಿನ್ ಮಾತ್ರೆ ಬರೆದರೆ ಚಟವಾಗುತ್ತದೆಂದು ಹೆದರಿ ತಡಮಾಡಬೇಡಿ. ಅವರು ಹೇಳಿದ ಪ್ರಮಾಣದಲ್ಲಿ, ಹೇಳಿದ ಹೊತ್ತಿಗೆ ಕೊಟ್ಟರೆ ಅದು ಕ್ಯಾನ್ಸರ್ ನೋವಿಗೆ ಒಳ್ಳೆಯ ಔಷಧ. ಮಲಬದ್ಧತೆ ಸಾಮಾನ್ಯವಾಗಿ ಆಗುವುದರಿಂದ ಅದಕ್ಕೂ ಔಷಧಿ ಕೇಳಿ ಪಡೆಯಿರಿ.

ನೆಂಟರ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಠಿಣ. ನಾಟಿ ಔಷಧಿಯ ವಿಳಾಸ ತರುವವರು, ಪೂರ್ವಜನ್ಮದ ಕರ್ಮವೆನ್ನುವವರು, ‘ಗಂಡಸಾಗಿ ಇಷ್ಟೆಲ್ಲ ಮಾಡುತ್ತೀರಲ್ಲ’ ಎಂದು ಹೊಗಳಿ ಕಾಫಿ ಕುಡಿದು ಹೋಗುವವರು, ಇವರಿಂದ ಆಸರೆ ನಿರೀಕ್ಷಿಸಬೇಡಿ. (ಹೆಂಗಸರಿಗೆ ಆ ಹೊಗಳಿಕೆಯೂ ಇಲ್ಲ, ಅವರು ಮಾಡಿದ್ದು ಕರ್ತವ್ಯದ ಲೆಕ್ಕಕ್ಕೆ ಹೋಗುತ್ತದೆ.) ಆದರೆ ‘ಏನಾದರೂ ಬೇಕಿದ್ದರೆ ಹೇಳಿ’ ಎಂದವರಿಗೆ ನಿಜವಾಗಿಯೂ ಹೇಳಿ: ಭಾನುವಾರ ರಾತ್ರಿ ಇವಳ ಹತ್ತಿರ ಮಲಗಲು ಬನ್ನಿ, ಗುರುವಾರದ ಸಾರು ನಿಮ್ಮ ಮನೆಯಿಂದ ಬರಲಿ. ಕೇಳಲು ಸಂಕೋಚ ಬೇಡ, ಏನು ಮಾಡಬೇಕೆಂದು ತೋಚದೆ ದೂರ ಉಳಿದವರೂ ಇರುತ್ತಾರೆ. ಇವರಲ್ಲಿ ಉಪದೇಶ ಮಾಡದೆ ಕೇಳಿಸಿಕೊಳ್ಳುವ ಒಬ್ಬರಿದ್ದರೆ ಅವರ ಹತ್ತಿರವೇ ಅಳಿ.

ನೀವು ಬರೆಯದೆ ಬಿಟ್ಟಿರಬಹುದಾದ ಒಂದು ವಿಷಯವಿದೆ. ‘ಇದು ಬೇಗ ಮುಗಿಯಬಾರದೇ’ ಎಂಬ ಯೋಚನೆ ಬಂದು, ಅದರ ಬೆನ್ನಿಗೇ ತನ್ನ ಬಗ್ಗೆ ಅಸಹ್ಯ ಹುಟ್ಟುತ್ತದೆ. ದೀರ್ಘಕಾಲ ಆರೈಕೆ ಮಾಡಿದ ಅನೇಕರಿಗೆ ಈ ಯೋಚನೆ ಬರುತ್ತದೆ ಎಂದು ಆ ವೈದ್ಯೆಯೇ ನನಗೆ ತಿಳಿಸಿದರು. ಪ್ರೀತಿ ಕಡಿಮೆಯಾಯಿತೆಂದು ಅದರ ಅರ್ಥವಲ್ಲ. ಸಾವಿಗೆ ಮೊದಲೇ ಶೋಕ ಶುರುವಾಗಿರುತ್ತದೆ, ದೇಹ ದಣಿದಿರುತ್ತದೆ.

ಮನೆಯವರಿಗೆ ಹೇಳಲಾಗದ್ದನ್ನು ಟೆಲಿ ಮಾನಸ್‌ಗೆ ಹೇಳಬಹುದು. ಕೇಂದ್ರ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಈ ಉಚಿತ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಮಲಗಲು ಅವಕಾಶವಿದ್ದರೂ ವಾರಗಟ್ಟಲೆ ನಿದ್ದೆ ಬಾರದಿದ್ದರೆ ಮನೋವೈದ್ಯರನ್ನು ಕಾಣಿರಿ. ಬದುಕುವುದೇ ಬೇಡವೆನ್ನಿಸಿದರೆ ಆ ಗಳಿಗೆಯಲ್ಲೇ ಕರೆ ಮಾಡಿ, ಒಬ್ಬರೇ ಇರಬೇಡಿ.

ಈ ವಾರ ಒಂದೇ ಕೆಲಸ ಮಾಡಲು ಸಾಧ್ಯವಿದ್ದರೆ, ಪತ್ನಿಯ ಹತ್ತಿರ ಯಾರನ್ನಾದರೂ ಕೂರಿಸಿ, ಅವರ ಡಿಸ್ಚಾರ್ಜ್ ಸಮ್ಮರಿ ಮತ್ತು ಈಗಿನ ಮಾತ್ರೆಗಳ ಪಟ್ಟಿ ಹಿಡಿದು ಆಸ್ಪತ್ರೆಗೆ ಹೋಗಿ ಉಪಶಮನ ಆರೈಕೆಯ ಬಗ್ಗೆ ಕೇಳಿ, ನಿಮ್ಮ ಸ್ಥಿತಿಯನ್ನೂ ಅಲ್ಲಿಯೇ ಹೇಳಿ.