ನಿಮ್ಮ ಪಿಳ್ಳೇಗೌಡ ಕಟಕಟೆ ಹತ್ತಿದ್ದು ಯಾಕೆ?

ನಮಸ್ಕಾರ,

ನೀವು ಕಳಿಸಿದ ಕತೆ ಓದಿದೆ. ಭಾಷೆ ಸಲೀಸಾಗಿದೆ. ದೇವನಹಳ್ಳಿ ಕಡೆಯ ಮಾತು ನಿಮಗೆ ಚೆನ್ನಾಗಿ ಗೊತ್ತು. ದ್ರಾಕ್ಷಿ ಚಪ್ಪರದ ಕೆಳಗಿನ ನೆರಳನ್ನು ಬರೆದ ರೀತಿ ಹಿಡಿಸಿತು. ಹೊಗಳಿಕೆ ಇಷ್ಟೇ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ.

ಸಾಮಾನ್ಯವಾಗಿ ಇಂಥ ಕಡೆ ಎರಡು ಸಾಲು ವಿಷಾದ ಬರೆದು ಕೈತೊಳೆದುಕೊಳ್ಳುತ್ತೇನೆ. ನಿಮಗೆ ಹಾಗೆ ಮಾಡಲು ಮನಸ್ಸಾಗಲಿಲ್ಲ, ಯಾಕೆಂದರೆ ಕತೆ ನನಗೆ ನಿಜವಾಗಿ ಸಿಟ್ಟು ತರಿಸಿತು. ನಿಮ್ಮ ಹೆಸರು ಬಿಟ್ಟು ಈ ಉತ್ತರವನ್ನು ಅಂಕಣದಲ್ಲೇ ಹಾಕುತ್ತಿದ್ದೇನೆ. ಕೈಗಾರಿಕೆಗೆ ಜಮೀನು ಕೊಡೆವು ಎಂದ ರೈತರ ದೇವನಹಳ್ಳಿ ಹೋರಾಟ ಸುದ್ದಿಯಾದಾಗಿನಿಂದ ಜಮೀನು ಕಳೆದುಕೊಳ್ಳುವ ಕತೆಗಳು ನಮಗೆ ಜಾಸ್ತಿ ಬರುತ್ತಿವೆ. ಬಹುಪಾಲು ಕತೆಗಳಲ್ಲಿ ಇವೇ ಎರಡು ತೊಂದರೆ: ಕಾಗದಪತ್ರದ, ಕೋರ್ಟಿನ ದಾರಿ ಗೊತ್ತಿಲ್ಲ; ಸಹಿ ಹಾಕಿದವನು ಖಳ.

ಕತೆ ಗೊತ್ತಿಲ್ಲದವರಿಗೆ ಚುಟುಕಾಗಿ: ಪಿಳ್ಳೇಗೌಡ ಮತ್ತು ಅವನ ಅಣ್ಣ ಕೆಂಪಣ್ಣನಿಗೆ ಸೇರಿ ಮೂರೂವರೆ ಎಕರೆ. ಕೈಗಾರಿಕಾ ಪ್ರದೇಶಕ್ಕೆಂದು ಸರ್ಕಾರ ಅದನ್ನು ತೆಗೆದುಕೊಳ್ಳುತ್ತದೆ. ಅಣ್ಣ ದುಡ್ಡಿಗೆ ಒಪ್ಪಿ ಸಹಿ ಹಾಕುತ್ತಾನೆ. ತಮ್ಮ ಹೈಕೋರ್ಟಿಗೆ ಹೋಗುತ್ತಾನೆ, ಕಟಕಟೆಯಲ್ಲಿ ನಿಂತು ಮಾತಾಡುತ್ತಾನೆ, ಗೆಲ್ಲುತ್ತಾನೆ, ಮಣ್ಣು ಮುಟ್ಟಿ ಅಳುತ್ತಾನೆ.

ನಿಮ್ಮ ಮೊದಲ ಸಾಲು: ‘ಒಂದು ಮುಂಜಾನೆ ಇದ್ದಕ್ಕಿದ್ದಂತೆ ಸರ್ಕಾರ ಪಿಳ್ಳೇಗೌಡನ ಹೊಲವನ್ನು ಕಿತ್ತುಕೊಂಡಿತು.’

ಯಾವ ಮುಂಜಾನೆ? ಸರ್ಕಾರ ಇದ್ದಕ್ಕಿದ್ದಂತೆ ಏನನ್ನೂ ಕಿತ್ತುಕೊಳ್ಳುವುದಿಲ್ಲ. ನಿಧಾನಕ್ಕೆ, ಗೆಜೆಟ್ಟಿನಲ್ಲಿ ಅಚ್ಚು ಹಾಕಿಸಿ, ಸ್ವೀಕೃತಿಗೆ ಸಹಿ ಮಾಡಿಸಿಕೊಂಡು ಕಿತ್ತುಕೊಳ್ಳುತ್ತದೆ. ನಮ್ಮಲ್ಲಿ ಕೈಗಾರಿಕೆಗೆ ಜಮೀನು ಬೇಕೆಂದಾಗ ಹೆಚ್ಚಾಗಿ ಹೊರಗೆ ತೆಗೆಯುವುದು 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯನ್ನು. ಅದರಡಿಯ ಮಂಡಳಿಯ ಹೆಸರು ಹಿಡಿದು ಊರವರ ಬಾಯಲ್ಲಿ ಬರೀ ‘ಕೆಐಎಡಿಬಿ’. ಅದರ 28ನೇ ಸೆಕ್ಷನ್ ಓದಿದ್ದೀರಾ? ಓದಿದ್ದರೆ ಈ ಸಾಲು ಬರೆಯುತ್ತಿರಲಿಲ್ಲ. ಮೊದಲು 28(1), ಈ ಸರ್ವೆ ನಂಬರುಗಳು ನಮಗೆ ಬೇಕು ಅನ್ನುವ ಪ್ರಾಥಮಿಕ ಅಧಿಸೂಚನೆ. ಆಮೇಲೆ 28(2), ಯಾಕೆ ತೆಗೆದುಕೊಳ್ಳಬಾರದು ಹೇಳಿ ಎಂದು ಮಾಲೀಕರಿಗೆ ನೋಟಿಸು. 28(3)ರಲ್ಲಿ ಆಕ್ಷೇಪಣೆ ಕೇಳಿದ ಶಾಸ್ತ್ರ. 28(4)ರಲ್ಲಿ ಅಂತಿಮ ಅಧಿಸೂಚನೆ. ಅದು ಗೆಜೆಟ್ಟಿನಲ್ಲಿ ಬಂದ ಗಳಿಗೆಗೇ, 28(5)ರ ಪ್ರಕಾರ, ಜಮೀನು ಸರ್ಕಾರದ್ದು. ದುಡ್ಡು ಕೈಗೆ ಬಂದಿರಬೇಕು ಅಂತೇನಿಲ್ಲ. ಪಿಳ್ಳೇಗೌಡ ಆವತ್ತು ಬೆಳಗ್ಗೆ ಟೊಮೆಟೊಗೆ ನೀರು ಬಿಡುತ್ತಿರುತ್ತಾನೆ. ಕಾಲ ಕೆಳಗಿನ ನೆಲ ಅವನದಲ್ಲ, ಅವನಿಗೆ ಅದು ಗೊತ್ತೂ ಇಲ್ಲ. ಆಮೇಲೆ 28(6), ನೋಟಿಸು ತಲುಪಿದ 30 ದಿನದೊಳಗೆ ಬಿಟ್ಟುಕೊಡಿ ಅಂತ. ಬಿಡದಿದ್ದರೆ 28(7). ಜೆಸಿಬಿ ಬರುವುದು ಅಲ್ಲಿ. ನೀವು ಜೆಸಿಬಿಯಿಂದ ಶುರು ಮಾಡಿದ್ದೀರಿ.

28(1)ಕ್ಕೂ 28(4)ಕ್ಕೂ ನಡುವೆ ಇಷ್ಟೇ ಸಮಯ ಅಂತ ಆ ಕಾಯ್ದೆ ಗಡುವು ಹಾಕಿಲ್ಲ. ಹಳೆಯ 1894ರ ಭೂಸ್ವಾಧೀನ ಕಾಯ್ದೆಯಲ್ಲಾದರೆ ಅಂತಿಮ ಘೋಷಣೆಯಾದ ಎರಡು ವರ್ಷದೊಳಗೆ ಐತೀರ್ಪು, ಅಂದರೆ ಪರಿಹಾರ ಇಷ್ಟು ಎನ್ನುವ ಆದೇಶ, ಆಗದಿದ್ದರೆ ಇಡೀ ಪ್ರಕ್ರಿಯೆ ಬಿದ್ದುಹೋಗುತ್ತಿತ್ತು. ಆ ನಿಯಮ ಕೆಐಎಡಿಬಿ ಸ್ವಾಧೀನಕ್ಕೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿತು. ಹಾಗಾಗಿ ವರ್ಷಗಟ್ಟಲೆ ಜಮೀನು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಪಹಣಿಯಲ್ಲಿ ಹಕ್ಕು-ಋಣ ಬರೆಯುವ ಹನ್ನೊಂದನೇ ಕಾಲಂನಲ್ಲಿ ಕೆಐಎಡಿಬಿ ಅಂತ ಒಂದು ಸಾಲು ಬಿದ್ದಿರುತ್ತದೆ. ಆ ಒಂದು ಸಾಲಿಗೆ ಬ್ಯಾಂಕು ಸಾಲ ಕೊಡುವುದಿಲ್ಲ, ಕೊಳ್ಳುವವರು ಬರುವುದಿಲ್ಲ, ಬೋರ್‌ವೆಲ್ ಹಾಕಿಸಲು ಮನಸ್ಸು ಬರುವುದಿಲ್ಲ, ಹೆಣ್ಣು ಕೊಡುವವರು ‘ಜಮೀನು ನೋಟಿಫಿಕೇಶನ್‌ನಲ್ಲಿ ಇದೆಯಂತಲ್ಲ’ ಅಂತ ಎದ್ದು ಹೋಗುತ್ತಾರೆ. ನಿಮ್ಮ ಕತೆ ಇರಬೇಕಾದ ಜಾಗ ಅದು. ಆ ವರ್ಷಗಳನ್ನೆಲ್ಲ ‘ಇದ್ದಕ್ಕಿದ್ದಂತೆ’ ಅನ್ನುವ ಒಂದೇ ಪದಕ್ಕೆ ನುಂಗಿಸಿಬಿಟ್ಟಿದ್ದೀರಿ.

ಇದರ ಮೇಲೆ ನನಗೆ ಇಷ್ಟು ಕೋಪ ಯಾಕೆ ಅಂತಲೂ ಹೇಳುತ್ತೇನೆ. ನಾನು ಕೆಲಸ ಕಲಿತದ್ದು ಬೆಂಗಳೂರಿನ ಒಂದು ದಿನಪತ್ರಿಕೆಯಲ್ಲಿ, ಹೈಕೋರ್ಟ್ ವರದಿ ಮಾಡುತ್ತಿದ್ದ ಹಿರಿಯರೊಬ್ಬರ ಕೈಕೆಳಗೆ. ಬೆಂಗಳೂರು-ಮೈಸೂರು ಕಾರಿಡಾರ್ ಎಂಬ ಹೆದ್ದಾರಿ ಯೋಜನೆಯ ಜಗಳ ಆಗ ಶುರುವಾಗಿತ್ತು. 1997ರ ಒಪ್ಪಂದ, 20,193 ಎಕರೆ. ಆ ಮನುಷ್ಯ ನನ್ನ ಕೈಗೆ ನ್ಯೂಸ್‌ಪ್ರಿಂಟ್ ಹಾಳೆ ಕೊಟ್ಟು, ಎಡಗಡೆ ಅಂಚಿನಲ್ಲಿ ತಾರೀಕುಗಳನ್ನಷ್ಟೇ ಮೇಲಿಂದ ಕೆಳಕ್ಕೆ ಬರೆಸುತ್ತಿದ್ದರು. ಅಧಿಸೂಚನೆ ಯಾವತ್ತು, ನೋಟಿಸು ಯಾವತ್ತು, ಅರ್ಜಿ ಯಾವತ್ತು. ಆಮೇಲೆ ಎರಡು ತಾರೀಕುಗಳ ನಡುವಿನ ಖಾಲಿ ಜಾಗಕ್ಕೆ ಪೆನ್ನಿನಿಂದ ಕುಟ್ಟಿ, ‘ಇಲ್ಲಿಂದ ಇಲ್ಲಿವರೆಗೆ ಇವರು ಏನು ತಿಂದರು? ಕೇಳಿಕೊಂಡು ಬಾ’ ಅನ್ನುತ್ತಿದ್ದರು. ಬೈಗುಳ ಬೇರೆ. ಟೀ ಮಾತ್ರ ಅವರೇ ಕೊಡಿಸುತ್ತಿದ್ದರು.

ಹಾಗೆ ಕೇಳಲು ಹೋದಾಗಲೇ ಹೈಕೋರ್ಟ್ ಇರುವ ಅಠಾರ ಕಚೇರಿಯ ಕೆಂಪು ಕಂಬಗಳ ಹತ್ತಿರ ಒಬ್ಬರು ಸಿಕ್ಕಿದ್ದು. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಕಟ್ಟಿಕೊಂಡು ಬಂದಿದ್ದರು. ಅವರ ಮನೆಗೆ ನೋಟಿಸು ಬಂದಿದ್ದು ಅಪ್ಪನ ಹೆಸರಿಗೆ. ಅಪ್ಪ ತೀರಿಹೋಗಿ ಎಷ್ಟೋ ವರ್ಷ ಆಗಿತ್ತು. ಪೌತಿ ಖಾತೆ ಮಾಡಿಸಿರಲಿಲ್ಲ, ಪಹಣಿಯಲ್ಲಿ ಸತ್ತವರೇ ಮಾಲೀಕರು. ಆಕ್ಷೇಪಣೆ ಹಾಕಿದಿರಾ ಅಂತ ಕೇಳಿದೆ. ಇಲ್ಲವಂತೆ. ನೋಟಿಸನ್ನು ಅಪ್ಪನ ಫೋಟೋದ ಹಿಂದೆ ಸಿಕ್ಕಿಸಿ ಇಟ್ಟಿದ್ದರಂತೆ. ಅವರ ಹೆಸರಿಗೆ ಬಂದದ್ದಲ್ವಾ, ಅದಕ್ಕೆ. ಆಕ್ಷೇಪಣೆಯ ಗಡುವು ಅಲ್ಲೇ, ಫೋಟೋದ ಹಿಂದೆಯೇ ಮುಗಿದುಹೋಗಿತ್ತು.

ನಿಮ್ಮ ಪಿಳ್ಳೇಗೌಡನ ಅಪ್ಪ ಎಲ್ಲಿ? ಖಾತೆ ಯಾರ ಹೆಸರಿನಲ್ಲಿದೆ? ಇಡೀ ಕತೆಯಲ್ಲಿ ಒಂದೇ ಒಂದು ಕಾಗದ ಇಲ್ಲ. ನೋಟಿಸು ಇಲ್ಲ, ಪಹಣಿ ಇಲ್ಲ, ಮಹಜರು ಇಲ್ಲ. ಮಣ್ಣು ಮಾತ್ರ ಬೊಗಸೆ ಬೊಗಸೆ ಇದೆ.

ಈಗ ಕೋರ್ಟಿನ ದೃಶ್ಯ. ‘ನ್ಯಾಯಮೂರ್ತಿಗಳು ಸುತ್ತಿಗೆ ಬಡಿದು ಆರ್ಡರ್ ಆರ್ಡರ್ ಎಂದರು.’ ನಮ್ಮ ಹೈಕೋರ್ಟಿನಲ್ಲಿ ಸುತ್ತಿಗೆ ಇಲ್ಲ. ಸಿನಿಮಾದಲ್ಲಿ ಇದೆ. ‘ಪಿಳ್ಳೇಗೌಡ ಕಟಕಟೆ ಹತ್ತಿ, ಮುಷ್ಟಿಯಲ್ಲಿದ್ದ ಮಣ್ಣನ್ನು ತೋರಿಸಿ, ಇದು ನನ್ನ ತಾಯಿ ಸ್ವಾಮಿ ಎಂದ.’ ಭೂಸ್ವಾಧೀನ ಪ್ರಶ್ನಿಸಿ ಹಾಕುವುದು ರಿಟ್ ಅರ್ಜಿ. ಅದರಲ್ಲಿ ಸಾಕ್ಷಿ ನುಡಿಸುವ ಪದ್ಧತಿ ಇಲ್ಲ, ಎಲ್ಲ ನಡೆಯುವುದು ಅಫಿಡವಿಟ್ಟಿನ ಮೇಲೆ. ಪಿಳ್ಳೇಗೌಡನನ್ನು ಯಾರೂ ಏನೂ ಕೇಳುವುದಿಲ್ಲ. ಅವನು ಹಿಂದಿನ ಬೆಂಚಿನಲ್ಲಿ ಕೂತಿರುತ್ತಾನೆ. ಬೆಳಗಿನ ಜಾವದ ಬಸ್ಸು ಹಿಡಿದು ಬಂದಿರುತ್ತಾನೆ. ಅವನ ಕೇಸಿನ ನಂಬರು ಕೂಗುತ್ತಾರೆ. ಅವನ ವಕೀಲರು ಎದ್ದು ಇಂಗ್ಲಿಷಿನಲ್ಲಿ ಏನೋ ಅನ್ನುತ್ತಾರೆ. ಸರ್ಕಾರಿ ವಕೀಲರು ಆಕ್ಷೇಪಣೆ ಸಲ್ಲಿಸಲು ನಾಲ್ಕು ವಾರ ಕೇಳುತ್ತಾರೆ. ಮುಂದಿನ ನಂಬರು. ಆಯಿತು. ಕೋರ್ಟ್ ಹಾಲಿನ ಹೊರಗೆ ಬಂದು ಅವನು ಕೇಳುವುದು ಒಂದೇ: ‘ಏನಂದ್ರು ಸಾರ್?’ ಈ ಪ್ರಶ್ನೆಯನ್ನು ವಕೀಲರು ಸಿಗದೆ ನನ್ನಂಥ ಎಳೆಯ ವರದಿಗಾರನಿಗೂ ಕೇಳುತ್ತಿದ್ದರು. ತನ್ನ ಜಮೀನಿನ ಕೇಸಿನಲ್ಲಿ ತನಗೇ ಮಾತಿಲ್ಲ. ಅಷ್ಟು ಗಟ್ಟಿ ದೃಶ್ಯ ಕೈಯಲ್ಲಿರುವಾಗ ನೀವು ಅವನ ಬಾಯಿಗೆ ಭಾಷಣ ತುರುಕಿದಿರಲ್ಲ!

ನಿಮ್ಮ ವಕೀಲ ಪಾತ್ರ ‘ಶೇ. 80ರಷ್ಟು ರೈತರ ಒಪ್ಪಿಗೆ ಇಲ್ಲದೆ ಸ್ವಾಧೀನ ಅಸಿಂಧು’ ಎಂದು ಗುಡುಗುತ್ತಾನೆ. ಅದು 2013ರ ಕೇಂದ್ರ ಕಾಯ್ದೆಯ ಮಾತು, ಖಾಸಗಿ ಕಂಪನಿಗಾಗಿ ಜಮೀನು ತೆಗೆದುಕೊಳ್ಳುವಾಗಿನದು. 1966ರ ಕಾಯ್ದೆಯಲ್ಲಿ ಅಂಥ ಒಪ್ಪಿಗೆಯ ಷರತ್ತೇ ಇಲ್ಲ. ಹೋರಾಟಗಾರರ ತಕರಾರೇ ಅದು. ನಿಮ್ಮ ವಕೀಲ ಜಗಳದ ಮೂಲವನ್ನೇ ಗೆಲುವಿನ ಅಸ್ತ್ರ ಮಾಡಿಕೊಂಡಿದ್ದಾನೆ.

ಅದಿರಲಿ, ನೀವು ಹಿನ್ನೆಲೆಗೆ ಇಟ್ಟುಕೊಂಡಿರುವ ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ ಹೋರಾಟ ಮುಗಿದದ್ದು ಹೇಗೆ ಅಂತ ನೆನಪಿಸಿಕೊಳ್ಳಿ. 13 ಹಳ್ಳಿ, 1,777 ಎಕರೆ, ಮೂರು ವರ್ಷಕ್ಕೂ ಮೀರಿದ ಧರಣಿ. 2025ರ ಜುಲೈ 15ರಂದು ಸ್ವಾಧೀನ ಕೈಬಿಟ್ಟಿದ್ದೇವೆ ಎಂದು ಹೇಳಿದ್ದು ಮುಖ್ಯಮಂತ್ರಿ. ಯಾವ ನ್ಯಾಯಮೂರ್ತಿಯೂ ಅಲ್ಲ. ಅದೇ ಘೋಷಣೆಯಲ್ಲಿ ಇನ್ನೊಂದು ಮಾತೂ ಇತ್ತು: ಸ್ವಂತ ಇಚ್ಛೆಯಿಂದ ಜಮೀನು ಕೊಡುವವರಿದ್ದರೆ ಹೆಚ್ಚಿನ ದರ ಕೊಟ್ಟು ತೆಗೆದುಕೊಳ್ಳುತ್ತೇವೆ ಅಂತ. ಕೊಡುತ್ತೇವೆ ಅನ್ನುವವರೂ ಇದ್ದರು.

ಅಲ್ಲಿಂದ ನಾನು ಕೆಂಪಣ್ಣನಿಗೆ ಬರುತ್ತೇನೆ. ಅವನ ವಿಷಯದಲ್ಲಿ ನನಗೆ ನಿಮ್ಮ ಮೇಲೆ ಇನ್ನೂ ಜಾಸ್ತಿ ಸಿಟ್ಟಿದೆ.

‘ದುಡ್ಡಿನ ಆಸೆಗೆ ಬಿದ್ದ ಕೆಂಪಣ್ಣ ಕಳ್ಳನಗೆ ನಗುತ್ತಾ ಸಹಿ ಹಾಕಿದ.’ ಕಳ್ಳನಗೆ ಯಾಕೆ? ಮುಂದಿನ ಪ್ಯಾರಾದಲ್ಲಿ ಅವನಿಗೆ ಚಿನ್ನದ ಹಲ್ಲು, ಅದರ ಮುಂದಿನದರಲ್ಲಿ ಬಿಳಿ ಫಾರ್ಚೂನರ್. ಕಾರು ಕೊಳ್ಳುವವರು ಇಲ್ಲ ಅಂತಲ್ಲ, ಏರ್‌ಪೋರ್ಟ್ ರಸ್ತೆಯಲ್ಲಿ ನಾವೆಲ್ಲ ನೋಡಿದ್ದೇವೆ. ಆದರೆ ನೀವು ಕೆಂಪಣ್ಣನನ್ನು ಖಳ ಮಾಡಿದ್ದು ಪಿಳ್ಳೇಗೌಡನನ್ನು ಒಳ್ಳೆಯವನು ಮಾಡಲು ಬೇರೆ ದಾರಿ ಹೊಳೆಯದ್ದಕ್ಕೆ.

ಕೆಂಪಣ್ಣ ಲೆಕ್ಕ ಹಾಕಿರುತ್ತಾನೆ. ಅದೇ 1966ರ ಕಾಯ್ದೆಯ 29(2)ರಲ್ಲಿ ಒಪ್ಪಂದದ ದರ ಅಂತ ಒಂದಿದೆ. ಸರ್ಕಾರವೂ ಮಾಲೀಕನೂ ಒಂದು ಬೆಲೆಗೆ ಒಪ್ಪಿದರೆ ಅಷ್ಟು ದುಡ್ಡು. ಸಹಿ ಹಾಕಿದ ಮೇಲೆ, ಕಡಿಮೆಯಾಯಿತು ಜಾಸ್ತಿ ಕೊಡಿ ಎಂದು ಕೋರ್ಟಿಗೆ ಹೋಗುವ ಬಾಗಿಲು ಸಾಮಾನ್ಯವಾಗಿ ಮುಚ್ಚುತ್ತದೆ. ಒಪ್ಪದಿದ್ದರೆ ಐತೀರ್ಪಿಗೆ ಕಾಯಬೇಕು. ಎಷ್ಟು ಕಾಯಬೇಕು? ನಾನು ಹೇಳಿದೆನಲ್ಲ, ಅದೇ ಬೆಂಗಳೂರು-ಮೈಸೂರು ಕಾರಿಡಾರು. ಅದಕ್ಕಾಗಿ 2003ರಲ್ಲಿ ಅಧಿಸೂಚನೆಯಾಗಿ, 2005ರಲ್ಲಿ ಸ್ವಾಧೀನಕ್ಕೆ ಹೋದ ಕೆಲವರ ಜಾಗಕ್ಕೆ ಐತೀರ್ಪು ಆದದ್ದು 2019ರ ಏಪ್ರಿಲ್ 22ಕ್ಕೆ. ಅಧಿಕಾರಿಗಳ ಈ ವಿಳಂಬಕ್ಕೆ ಮಾಲೀಕರು ಯಾಕೆ ಕಳೆದುಕೊಳ್ಳಬೇಕು ಎಂದು ಸುಪ್ರೀಂ ಕೋರ್ಟ್ 2019ರ ಮಾರುಕಟ್ಟೆ ಬೆಲೆಯನ್ನೇ ಲೆಕ್ಕಕ್ಕೆ ಹಿಡಿಯಿರಿ ಎಂದು ಆದೇಶಿಸಿದ್ದು 2025ರ ಜನವರಿ 2ರಂದು. ಆಸ್ತಿ ಈಗ ಮೂಲಭೂತ ಹಕ್ಕಲ್ಲ, ಆದರೂ 300ಎ ವಿಧಿಯಡಿ ಸಾಂವಿಧಾನಿಕ ಹಕ್ಕು ಅಂತ ಮತ್ತೆ ನೆನಪಿಸಿತು. ಒಳ್ಳೆಯ ತೀರ್ಪು, ನನಗೆ ಓದಿ ಖುಷಿಯಾಯಿತು. ಆದರೆ 2003ರಲ್ಲಿ ಅರವತ್ತು ದಾಟಿದ್ದ ಮನುಷ್ಯನ ಜಾಗದಲ್ಲಿ ನಿಂತು ಅದನ್ನು ಓದಿ ನೋಡಿ.

ಕೆಂಪಣ್ಣನಿಗೆ ಈ ಸೆಕ್ಷನ್ನುಗಳು ಗೊತ್ತಿರಬೇಕಾಗಿಲ್ಲ. ಪಕ್ಕದ ಊರಿನಲ್ಲಿ ಕೇಸು ನಡೆಸಿದವರ ಮನೆ ಅವನು ನೋಡಿದ್ದಾನೆ. ಮಗಳ ಮದುವೆ ಇದೆ, ಮಂಡಿನೋವಿದೆ, ಮಗನಿಗೆ ಹೊಲ ಬೇಡ. ಜೊತೆಗೆ, ನೀವು ಮರೆತಿದ್ದೀರಿ, ಜಮೀನು ಜಂಟಿ. ಅವನೊಬ್ಬ ಸಹಿ ಹಾಕಿದರೆ ಆಗದು, ತಮ್ಮನದೂ ಬೇಕು, ತಂಗಿಯರದೂ ಬೇಕು. ಮದುವೆಯಾಗಿ ಹೊಸಕೋಟೆಗೋ ಚಿಕ್ಕಬಳ್ಳಾಪುರಕ್ಕೋ ಹೋದ ತಂಗಿಯರನ್ನು ವರ್ಷಗಳ ಮೇಲೆ ಕರೆಸುತ್ತಾರೆ, ಸೀರೆ ಕೊಡುತ್ತಾರೆ, ಊಟಕ್ಕೆ ಕೂರಿಸಿ ಕಾಗದ ಮುಂದಿಡುತ್ತಾರೆ. ಆ ಊಟದ ದಿನ ನಿಮ್ಮ ಕತೆಯಲ್ಲಿ ಎಲ್ಲಿದೆ? ತಂಗಿಯರೇ ಇಲ್ಲ!

ಇನ್ನು ಭಾಷೆ, ಅಧ್ಯಾಯ ವಿಂಗಡಣೆ, ಕೊನೆಯ ಮಳೆ, ಇವುಗಳ ಬಗ್ಗೆ ಏನೂ ಹೇಳುವುದಿಲ್ಲ. ಮಳೆಯನ್ನು ತೆಗೆದುಬಿಡಿ, ಅಷ್ಟೇ.

ಒಂದು ಮಾತು ಮಾತ್ರ ಹೇಳಲೇಬೇಕು. ಕತೆಯ ಜೊತೆ ನೀವು ಕಳಿಸಿದ ಪತ್ರದ ಕೊನೆಗೆ, ಪರಿಚಯ ಅಂತ ಸುಮ್ನೆ ಹೀಗೆ ಬರೆದಿದ್ದೀರಿ: ‘ನಮ್ಮಜ್ಜಿ ಪ್ರತಿ ಯುಗಾದಿ ಆದ ಮೇಲೆ ನಾಡಕಚೇರಿಗೆ ಹೋಗಿ ಪಹಣಿ ತೆಗೆಸುತ್ತಿದ್ದರು. ಅವರಿಗೆ ಓದಲು ಬರುತ್ತಿರಲಿಲ್ಲ. ಕೆಐಎಡಿಬಿ ಹೋಗಿದೆಯಾ ನೋಡು ಅಂತ ನನ್ನ ಕೈಗೆ ಕೊಡುತ್ತಿದ್ದರು.’ ಇಡೀ ಕತೆಯಲ್ಲಿ ಇಷ್ಟು ಚೆನ್ನಾಗಿರುವ ಮೂರು ಸಾಲು ಇಲ್ಲ. ಇದನ್ನು ಪರಿಚಯಕ್ಕೆ ಹಾಕಿ, ಕತೆಗೆ ಸುತ್ತಿಗೆ ಹಾಕಿದ ನಿಮಗೆ ಏನೆನ್ನಲಿ? ಆ ಕಾಗದ ಹಿಡಿದು ನೀವು ಅಜ್ಜಿಗೆ ಏನು ಹೇಳುತ್ತಿದ್ದಿರಿ? ‘ಇನ್ನೂ ಇದೆ’ ಅಂತಲೇ ಹೇಳುತ್ತಿದ್ದಿರಾ, ಪ್ರತಿ ವರ್ಷ? ನನಗೆ ನಿಜವಾಗಿ ತಿಳಿದುಕೊಳ್ಳಬೇಕಾಗಿದೆ.

ಮತ್ತೆ ಬರೆಯುವುದಾದರೆ ಪೂರ್ತಿ ಕತೆ ಬೇಡ. ಮೊದಲು ಎರಡು ದೃಶ್ಯ ಕಳಿಸಿ: ನಾಡಕಚೇರಿಯ ಕಿಟಕಿ ಒಂದು, ತಂಗಿಯರ ಊಟ ಇನ್ನೊಂದು. ಅವು ನಿಂತರೆ ಉಳಿದದ್ದರ ಮಾತು ಆಡೋಣ. ಅಜ್ಜಿಯ ಆ ಪಹಣಿಗಳು ಮನೆಯಲ್ಲಿ ಇದ್ದರೆ ಒಂದು ಸಲ ಹೊರಗೆ ತೆಗೆದು, ವರ್ಷದ ಪ್ರಕಾರ ಜೋಡಿಸಿ ನೋಡಿ, ಆಮೇಲೆ ಕೂತು ಬರೆಯಿರಿ. ಹಾಗೇ ಪುಟಗಳಿಗೆ ಸರಿಯಾಗಿ ನಂಬರು ಹಾಕಿ. ಈ ಸಲ ಆರನೇ ಪುಟ ಎರಡು ಬಂದಿವೆ, ಏಳು ಇಲ್ಲವೇ ಇಲ್ಲ.