ಪೋರ್ಚುಗಲ್‌ನ ಗೋಲ್ಡನ್ ವೀಸಾ (ಅಲ್ಲಿ ಹಣ ಹೂಡಿದವರಿಗೆ ಕೊಡುವ ವಾಸದ ಪರವಾನಗಿ) ಕಾರ್ಡ್ ಅವಧಿ ಮುಗಿದಿದೆ, ನವೀಕರಣಕ್ಕೆ ಅರ್ಜಿ ಹಾಕಿದ್ದೇನೆ. ಆಮ್‌ಸ್ಟರ್‌ಡ್ಯಾಮ್ ಮೂಲಕ ಪೋರ್ಚುಗಲ್‌ಗೆ ಹೋಗಬಹುದಾ? ಮಕ್ಕಳಿಗೆ ಪ್ಯಾರಿಸ್ ಕೂಡ ತೋರಿಸಬೇಕು.

ನಿಮ್ಮ ಪ್ರಶ್ನೆಯನ್ನು ಹೆಂಡತಿಗೆ ತೋರಿಸಿದೆ. ಓದಿ, "ಇದು ನೀವೇ ಬರೆದಿದ್ದಾ?" ಅಂದಳು. ಡೇಟ್ ಮುಗಿದ ಕಾರ್ಡ್, ಫೀಸ್ ಕಟ್ಟಿದ ರಸೀದಿ, ಪೋರ್ಚುಗಲ್ ಸರ್ಕಾರ ಅವಧಿ ಮುಂದೂಡಿದೆ ಎಂಬ ಧೈರ್ಯ, ನಡುವೆ ಯುರೋಪಿನ ಇನ್ನೊಂದು ದೇಶದಲ್ಲಿ ಇಳಿದು ಹತ್ತುವ ಟಿಕೆಟ್. ನಿಮ್ಮದು ಆಮ್‌ಸ್ಟರ್‌ಡ್ಯಾಮ್, ನನ್ನದು ಜರ್ಮನಿ. ವ್ಯತ್ಯಾಸ ಅಷ್ಟೇ.

2019ರಲ್ಲಿ ಪೋರ್ಟೊ ಊರಿನಲ್ಲಿ ಒಂದು ಹಳೇ ಫ್ಲ್ಯಾಟ್ ಕೊಂಡಿದ್ದೆವು. ಆಗ ಮನೆ ಕೊಂಡರೂ ಗೋಲ್ಡನ್ ವೀಸಾ ಸಿಗುತ್ತಿತ್ತು. ಮಾಮೂಲಿ ಮನೆಗೆ 5 ಲಕ್ಷ ಯೂರೋ, 30 ವರ್ಷಕ್ಕಿಂತ ಹಳೇ ಕಟ್ಟಡ ಕೊಂಡು ರಿಪೇರಿ ಮಾಡಿಸಿದರೆ ಮೂರೂವರೆ ಲಕ್ಷ. 2023ರ ಅಕ್ಟೋಬರ್‌ನಿಂದ ಮನೆಯ ದಾರಿಯೇ ಬಂದ್ ಆಗಿದೆ. ನಮ್ಮ ರಿಸರ್ವ್ ಬ್ಯಾಂಕ್ ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಮಾತ್ರ ಕಳಿಸಲು ಬಿಡುತ್ತದಲ್ಲ, ಹಾಗಾಗಿ ಮಾರ್ಚ್‌ನಲ್ಲಿ ಅರ್ಧ, ಏಪ್ರಿಲ್‌ನಲ್ಲಿ ಅರ್ಧ ಕಳಿಸಿದೆ. ಅಷ್ಟೊಂದು ಲೆಕ್ಕಾಚಾರದ ಮನುಷ್ಯ ನಾನು. ಅದನ್ನು ಯಾಕೆ ಹೇಳಿದೆ ಅಂದರೆ, ಮುಂದೆ ಓದಿದಾಗ ನಗಬೇಡಿ.

ನನ್ನ ಎರಡನೇ ಕಾರ್ಡ್ 2024ರ ಫೆಬ್ರವರಿಗೆ ಮುಗಿಯಿತು. ಹೆಂಡತಿಯದು ನವೆಂಬರ್‌ವರೆಗೆ ಇತ್ತು. ಮೊದಲ ಸಲ ಬೆರಳಚ್ಚು ಕೊಡುವ ಹೊತ್ತಿಗೆ ಶಿವಮೊಗ್ಗದಲ್ಲಿ ನಮ್ಮ ಮಾವನವರಿಗೆ ಹುಷಾರಿರಲಿಲ್ಲ, ಅವಳು ಬಂದಿರಲಿಲ್ಲ. ಅಲ್ಲಿಂದ ಅವಳ ಕಾರ್ಡ್ ಯಾವಾಗಲೂ ನನ್ನದಕ್ಕಿಂತ ಒಂಬತ್ತು ತಿಂಗಳು ಹಿಂದೆ. ಈ ಹಿಂದುಳಿದ ಕಾರ್ಡೇ ಆಮೇಲೆ ಮುಂದೆ ಹೋಯಿತು ಅನ್ನಿ.

ಅದೇ ಹೊತ್ತಿಗೆ ಅಲ್ಲಿ ಈ ಕಾರ್ಡ್ ಕೊಡುವ ವಲಸೆ ಇಲಾಖೆಯೇ ಬದಲಾಗಿತ್ತು. ಎಸ್‌ಇಎಫ್ ಮುಚ್ಚಿ 2023ರ ಅಕ್ಟೋಬರ್ ಕೊನೆಗೆ ಐಮಾ ಬಂತು. ಬಾಕಿ ಅರ್ಜಿಗಳ ರಾಶಿ ದೊಡ್ಡದಿತ್ತು. ಅದಕ್ಕೇ ಸರ್ಕಾರ ಒಂದು ಆದೇಶ ಹೊರಡಿಸಿ, ಅವಧಿ ಮುಗಿದ ಕಾರ್ಡ್‌ಗಳನ್ನು 2025ರ ಜೂನ್ 30ರವರೆಗೆ ಒಪ್ಪುತ್ತೇವೆ ಎಂದಿತು. ನಮ್ಮ ಲಾಯರ್ ಅದನ್ನೇ ಮೇಲ್ ಮಾಡಿದ್ದರು: ಪೋರ್ಚುಗಲ್ ನೆಲದಲ್ಲಿ ಎಲ್ಲ ಕಾನೂನು ಉದ್ದೇಶಗಳಿಗೂ ಮಾನ್ಯ.

ನನ್ನ ತಪ್ಪು ಈ ಒಂದು ಸಾಲಿನಲ್ಲಿದೆ. ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ತಪ್ಪು ಕಾಣುತ್ತಿದೆ. "ಎಲ್ಲ ಕಾನೂನು ಉದ್ದೇಶಗಳಿಗೂ" ಎಂಬಲ್ಲಿ ನನ್ನ ಕಣ್ಣು ನಿಂತಿತು. "ಪೋರ್ಚುಗಲ್ ನೆಲದಲ್ಲಿ" ಎಂಬಲ್ಲಿ ನಿಲ್ಲಲಿಲ್ಲ. ನಾನು ಹೋಗುತ್ತಿರುವುದು ಪೋರ್ಚುಗಲ್‌ಗೇ ತಾನೇ ಅಂದುಕೊಂಡೆ. ಆದರೆ ಷೆಂಗೆನ್ ಅಂದರೆ ಗೊತ್ತಲ್ಲ, ತಮ್ಮ ನಡುವೆ ಗಡಿ ತಪಾಸಣೆ ಇಟ್ಟುಕೊಳ್ಳದ ಯುರೋಪಿನ ದೇಶಗಳ ಕೂಟ, ಮೊದಲು ಎಲ್ಲಿ ಇಳಿಯುತ್ತೀರೋ ಅಲ್ಲೇ ಗಡಿ. ಬೆಂಗಳೂರಿನಿಂದ ಜರ್ಮನಿ, ಜರ್ಮನಿಯಿಂದ ಪೋರ್ಟೊ ಎಂದರೆ, ಎರಡನೇ ವಿಮಾನ ಅವರ ಲೆಕ್ಕದಲ್ಲಿ ನಮ್ಮ ಹುಬ್ಬಳ್ಳಿ ವಿಮಾನದ ಹಾಗೆ. ಅಲ್ಲಿ ಗಡಿಯಲ್ಲಿ ಪಾಸ್‌ಪೋರ್ಟ್ ನೋಡುವವರಿಲ್ಲ. ನನ್ನನ್ನು ಯುರೋಪಿನ ಒಳಗೆ ಬಿಡಬೇಕಾದವರು ಜರ್ಮನ್ ಪೊಲೀಸರು. ಪೋರ್ಚುಗಲ್ ಸರ್ಕಾರ ತನ್ನ ಕಾರ್ಡನ್ನು ಮುಂದೂಡಿಕೊಂಡರೆ ಜರ್ಮನಿ ಅದನ್ನು ಒಪ್ಪಬೇಕು ಅಂತ ಎಲ್ಲಿದೆ? ಬಿಎಂಟಿಸಿ ಪಾಸ್ ತೋರಿಸಿ ಹೊಸೂರಿನಲ್ಲಿ ತಮಿಳುನಾಡು ಬಸ್ ಹತ್ತಿದ ಹಾಗೆ. ಪಾಸ್ ಸುಳ್ಳಲ್ಲ. ಬಸ್ ಬೇರೆ.

ದುಬೈ ಮೂಲಕ ನೇರ ಲಿಸ್ಬನ್‌ಗೆ ಹೋಗುವ ಟಿಕೆಟೂ ಅದೇ ಪರದೆಯಲ್ಲಿ ಇತ್ತು. ಒಬ್ಬರಿಗೆ ಒಂಬತ್ತು ಸಾವಿರ ಜಾಸ್ತಿ. ಮೇಲೆ ಲಿಸ್ಬನ್‌ನಿಂದ ಪೋರ್ಟೊಗೆ ಮೂರು ಗಂಟೆ ರೈಲು. ಯಾರಿಗೆ ಬೇಕು ಅಂತ ಅದನ್ನು ಬಿಟ್ಟೆ. ಒಂಬತ್ತು ಸಾವಿರ! ಆ ಅಂಕಿ ಇವತ್ತಿಗೂ ನಮ್ಮ ಮನೆಯಲ್ಲಿ ಒಂದು ಬೈಗುಳ.

ಹೊರಡುವ ಹಿಂದಿನ ದಿನ ಅವಳು ಕೇಳಿದಳು, "ರೀ, ಕಾರ್ಡಲ್ಲಿ ಡೇಟ್ ಮುಗಿದಿದೆಯಲ್ಲ, ಬಿಡ್ತಾರಾ?" ನಾನು ಆದೇಶದ ಕಲರ್ ಪ್ರಿಂಟ್ ಇದ್ದ ಫೈಲ್ ತಟ್ಟಿ ತೋರಿಸಿದೆ. ಪೋರ್ಚುಗೀಸ್ ಭಾಷೆಯಲ್ಲಿ, ಲ್ಯಾಮಿನೇಷನ್ ಬೇರೆ.

ಕೆಂಪೇಗೌಡ ವಿಮಾನ ನಿಲ್ದಾಣ, ರಾತ್ರಿ ಹನ್ನೊಂದೂವರೆ. ಕೌಂಟರಿನ ಹುಡುಗಿ ಇಬ್ಬರ ಕಾರ್ಡನ್ನೂ ತಿರುಗಿಸಿ ನೋಡಿದಳು. ಕಂಪ್ಯೂಟರ್‌ನಲ್ಲಿ ಏನೋ ಹೊಡೆದಳು. ಆಮೇಲೆ ಫೋನ್ ಮಾಡಿದಳು. ಆ ಫೋನ್ ನೋಡಿದಾಗಲೇ ನನ್ನ ಹೊಟ್ಟೆಯಲ್ಲಿ ಏನೋ ಆಯಿತು. ಸೂಪರ್‌ವೈಸರ್ ಬಂದರು. ಲ್ಯಾಮಿನೇಷನ್ ಮಾಡಿದ ಆದೇಶ ಓದುವ ನಾಟಕವನ್ನೂ ಆಡಲಿಲ್ಲ. "ಸಾರ್, ನೀವು ನೇರ ಪೋರ್ಚುಗಲ್‌ಗೆ ಹೋಗ್ತಿದ್ರೆ ನೋಡಬಹುದಿತ್ತು. ಜರ್ಮನಿಗೆ ಇದು ಆಗಲ್ಲ" ಅಂದರು. ನಾನು ಜೋರು ಮಾಡಿದೆ, ಆಮೇಲೆ ಮೆತ್ತಗಾದೆ, ಆಮೇಲೆ ಲಾಯರ್‌ಗೆ ಫೋನ್ ಹಚ್ಚಿದೆ. ಆ ರಾತ್ರಿ ಅವರ ಮೇಲೆ ಬಂದ ಸಿಟ್ಟು ಈಗಿಲ್ಲ. ದಾಖಲೆ ಸರಿ ಇಲ್ಲದವರನ್ನು ಕರೆದೊಯ್ದರೆ ವಿಮಾನ ಕಂಪನಿಗೆ ಜರ್ಮನಿಯಲ್ಲಿ ತಲೆಗೆ 5,000 ಯೂರೋವರೆಗೂ ದಂಡ ಬೀಳಬಹುದು, ಜೊತೆಗೆ ವಾಪಸ್ ಕರೆತರುವ ಖರ್ಚೂ ಅವರದೇ. ಅವರ ಜಾಗದಲ್ಲಿ ನಾನಿದ್ದರೂ ಹತ್ತಿಸುತ್ತಿರಲಿಲ್ಲ. ಅಲ್ಲಿ ತಡೆದದ್ದು ಒಳ್ಳೆಯದೇ ಆಯಿತು. ಜರ್ಮನಿಯಲ್ಲಿ ಇಳಿದ ಮೇಲೆ ಪ್ರವೇಶ ನಿರಾಕರಣೆ ಆಗಿದ್ದರೆ ಅದು ಮುಂದಿನ ಎಲ್ಲ ವೀಸಾ ಅರ್ಜಿಗಳಿಗೂ ಅಂಟಿಕೊಳ್ಳುತ್ತಿತ್ತು.

ತಮಾಷೆ ಅಂದರೆ ಹೆಂಡತಿಗೆ ಬೋರ್ಡಿಂಗ್ ಪಾಸ್ ಕೊಟ್ಟರು. ಫ್ಲ್ಯಾಟಿನ ಛಾವಣಿ ಸೋರುತ್ತಿತ್ತು, ಕಟ್ಟಡದ ಮಾಲೀಕರ ಸಭೆ ಇತ್ತು, ಯಾರಾದರೂ ಒಬ್ಬರು ಹೋಗಲೇಬೇಕಿತ್ತು. ಅವಳು ಒಂದು ನಿಮಿಷ ಯೋಚಿಸಿ, ನನ್ನ ಸೂಟ್‌ಕೇಸಿನಿಂದ ಚಟ್ನಿಪುಡಿ ಡಬ್ಬ ತನ್ನದಕ್ಕೆ ಹಾಕಿಕೊಂಡಳು. "ಮನೆಗೆ ಹೋಗ್ತಾ ಹಾಲು ತಗೊಳ್ಳಿ, ಫ್ರಿಜ್ಜಲ್ಲಿ ಏನೂ ಇಲ್ಲ" ಅಂತ ಹೇಳಿ ಹೋದಳು. ನಾನು ಎರಡು ಗಂಟೆ ರಾತ್ರಿಗೆ ವಾಯುವಜ್ರದಲ್ಲಿ, ಯುರೋಪಿನ ಚಳಿಗೆಂದು ಕೊಂಡ ಜಾಕೆಟ್ ಹಾಕಿಕೊಂಡು ಮನೆಗೆ ಬಂದೆ. ಟಿಕೆಟ್ ದುಡ್ಡಿನಲ್ಲಿ ತೆರಿಗೆಯಷ್ಟು ವಾಪಸ್ ಬಂತು. ಉಳಿದ 52 ಸಾವಿರ ಹೋಯಿತು.

ಎರಡು ತಿಂಗಳ ನಂತರ ದುಬೈ ಮೂಲಕ ಹೋದೆ. ಅದೇ ಕಾರ್ಡ್, ಅದೇ ಲ್ಯಾಮಿನೇಷನ್. ಈ ಸಲ ನಾಲ್ಕು ಗಂಟೆ ಮೊದಲೇ ಹೋಗಿ ಕೌಂಟರಿನಲ್ಲಿ ಮೊದಲನೆಯವನಾಗಿ ನಿಂತೆ. ಇಲ್ಲೂ ಫೋನ್ ಮಾಡಿದರು, ಅರ್ಧ ಗಂಟೆ ಕಾಯಿಸಿದರು, ಆದರೆ ಬಿಟ್ಟರು. ಲಿಸ್ಬನ್‌ನಲ್ಲಿ ಅಧಿಕಾರಿ ಕಾರ್ಡ್ ನೋಡಿದ, ರಸೀದಿ ಕೇಳಿದ, ಕೊಟ್ಟೆ. ಎರಡು ನಿಮಿಷ. ಅವನಿಗೆ ಅದು ದಿನಾ ನೋಡುವ ಕಾರ್ಡ್. ಅಲ್ಲಿಂದ ಪೋರ್ಟೊಗೆ ರೈಲು, ಕಿಟಕಿ ಪಕ್ಕ ಸೀಟು, ಕೈಯಲ್ಲಿ ಎರಡು ಪಾಸ್ತೆಲ್ ದೆ ನಾತಾ, ಅಲ್ಲಿಯ ಕಸ್ಟರ್ಡ್ ತಿಂಡಿ. ಬಿಟ್ಟುಬಿಟ್ಟಿದ್ದೆನಲ್ಲ, ಆ ಮೂರು ಗಂಟೆಯೇ ಆ ಪ್ರವಾಸದಲ್ಲಿ ಚೆನ್ನಾಗಿದ್ದದ್ದು.

ಈಗ ನಿಮ್ಮ ವಿಷಯ. ಕಾರ್ಡ್ ಬರುವವರೆಗೆ ಕಾಯುವುದಾ, ಷೆಂಗೆನ್ ವೀಸಾ ತೆಗೆದುಕೊಳ್ಳುವುದಾ, ಹಾಗೇ ಹೊರಡುವುದಾ ಅಂತ ಮೂರು ದಾರಿ ಬರೆದಿದ್ದೀರಿ. ಮೂರನ್ನೂ ಅಳೆದು ತೂಗಿ ಹೇಳುವಷ್ಟು ತಾಳ್ಮೆ ನನಗಿಲ್ಲ, ಕ್ಷಮಿಸಿ. "ಈ ಕಾರ್ಡ್ ನಡೆಯುತ್ತಾ" ಅಂತ ಕೇಳಿದರೆ ಎಲ್ಲರೂ ನಡೆಯುತ್ತೆ ಅಂತಲೇ ಹೇಳುತ್ತಾರೆ, ನನ್ನ ಲಾಯರ್ ಹೇಳಿದ ಹಾಗೆ. ಯಾರ ಮುಂದೆ ನಡೆಯುತ್ತೆ ಅಂತ ಕೇಳಬೇಕಿತ್ತು. ಲಿಸ್ಬನ್ ಅಧಿಕಾರಿಯ ಮುಂದೆ, ಆದೇಶ ಜಾರಿಯಲ್ಲಿರುವವರೆಗೆ, ಹೌದು. ಆಮ್‌ಸ್ಟರ್‌ಡ್ಯಾಮ್‌ನವರ ಮುಂದೆ ಅದು ಡೇಟ್ ಮುಗಿದ ಪ್ಲಾಸ್ಟಿಕ್.

ಇನ್ನೊಂದು, ನಿಮಗೆ ಇಷ್ಟ ಆಗಲಿಕ್ಕಿಲ್ಲ. ಎರಡು ವರ್ಷಕ್ಕೆ 14 ದಿನ ಅಲ್ಲಿರಬೇಕು ಎಂಬ ನಿಯಮ ಇದೆಯಲ್ಲ, ಅದನ್ನು ಈಗಾಗಲೇ ಮುಗಿಸಿದ್ದೇನೆ ಅಂತ ನೀವೇ ಬರೆದಿದ್ದೀರಿ. ಹಾಗಿದ್ದರೆ ಈಗ ಹೋಗುವ ಅಗತ್ಯವೇ ಇಲ್ಲ. ಮಕ್ಕಳಿಗೆ ಪ್ಯಾರಿಸ್ ತೋರಿಸಬೇಕು, ಅಷ್ಟೇ ತಾನೇ? ಡೇಟ್ ಮುಗಿದ ಪೋರ್ಚುಗಲ್ ಕಾರ್ಡ್ ಇಟ್ಟುಕೊಂಡು ಫ್ರಾನ್ಸ್‌ಗೆ ಹೋಗುವುದು ನನ್ನ ಜರ್ಮನಿ ಕಥೆಯೇ, ಮಕ್ಕಳ ಜೊತೆಗೆ. ಲಿಸ್ಬನ್‌ನಿಂದ ಒಳಗೇ ವಿಮಾನ ಹತ್ತಿದರೆ ಯಾರೂ ನೋಡಲ್ಲ ಅಂತ ಕೆಲವರು ಸಲಹೆ ಕೊಡುತ್ತಾರೆ. ನೋಡದೇ ಇರಬಹುದು. ನೋಡಿದ ದಿನ ಏನು ತೋರಿಸುತ್ತೀರಿ? ನನ್ನ ಹೆಂಡತಿ ಮ್ಯಾಡ್ರಿಡ್‌ಗೆ ಹೋಗೋಣ ಅಂದಾಗ ನಾನು ಒಪ್ಪಲಿಲ್ಲ.

ನವೀಕರಣದ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಆ 14 ದಿನಗಳ ಪುರಾವೆಗೆ ಬೋರ್ಡಿಂಗ್ ಪಾಸ್, ಹೋಟೆಲ್ ಬಿಲ್ ಎಲ್ಲ ಎತ್ತಿಡಿ. ಫೋನಿನಲ್ಲಿದೆ ಅಂತ ಬಿಡಬೇಡಿ, ಪ್ರಿಂಟ್ ತೆಗೆಯಿರಿ. ಇಲ್ಲಿಯ ಪೊಲೀಸ್ ಕ್ಲಿಯರೆನ್ಸ್‌ಗೆ ಅಪೋಸ್ಟಿಲ್ (ಬೇರೆ ದೇಶದಲ್ಲಿ ದಾಖಲೆ ನಡೆಯಲು ಸರ್ಕಾರ ಹಾಕುವ ದೃಢೀಕರಣ) ಬೇಕು, ಅದು ಬೇಗ ಹಳತಾಗುತ್ತದೆ, ಆದ್ದರಿಂದ ಕೊನೆಗೆ ಮಾಡಿಸಿ. ಅಲ್ಲಿಯ ತೆರಿಗೆ ಬಾಕಿ ಇಲ್ಲ ಎಂಬ ಪತ್ರವನ್ನೂ ಹಾಗೇ ಕೊನೆಗೆ ತೆಗೆದುಕೊಳ್ಳಿ. ಅವಧಿ ಮುಂದೂಡಿದ ಗಡುವು ಆಗಾಗ ಬದಲಾಗಿದೆ. ಜೂನ್ 30 ಇದ್ದದ್ದು 2025ರ ಅಕ್ಟೋಬರ್ 15 ಆಯಿತು, ಆಮೇಲೂ ಮುಂದೆ ಹೋಯಿತು. ನನ್ನ ಲ್ಯಾಮಿನೇಷನ್ ಈಗ ರದ್ದಿ. ನೀವು ಯಾವತ್ತೇ ಹೊರಟರೂ ಆ ವಾರದ ಆದೇಶ ನೋಡಿ, ವಿಮಾನ ಕಂಪನಿಗೆ ಮೊದಲೇ ಮೇಲ್ ಬರೆದು ಲಿಖಿತ ಉತ್ತರ ಇಟ್ಟುಕೊಳ್ಳಿ. ಕೌಂಟರಿನಲ್ಲಿ ಲಾಯರ್ ಮೇಲ್‌ಗೆ ಬೆಲೆ ಇಲ್ಲ. ತಮ್ಮದೇ ಕಂಪನಿಯ ಮೇಲ್ ಆದರೆ ಒಂದು ಸಲ ಓದುತ್ತಾರೆ.

ಆಮ್‌ಸ್ಟರ್‌ಡ್ಯಾಮ್ ಟಿಕೆಟ್ ಇವತ್ತೇ ಕ್ಯಾನ್ಸಲ್ ಮಾಡಿ. ಇನ್ನೂ ಆರು ವಾರ ಇದೆ ಅಂದಿದ್ದೀರಿ, ಈಗ ಮಾಡಿದರೆ ಸ್ವಲ್ಪವಾದರೂ ವಾಪಸ್ ಬರುತ್ತದೆ. ಪ್ಯಾರಿಸ್ ಹೋಟೆಲೂ ಕ್ಯಾನ್ಸಲ್. ಮಕ್ಕಳಿಗೆ ನೀವೇ ಹೇಳಿ, ಮನೆಯವರಿಂದ ಹೇಳಿಸಬೇಡಿ.