ಹೆಂಡ್ತಿ ಅಧ್ಯಕ್ಷೆ, ಮೀಟಿಂಗಲ್ಲಿ ನಾನೂ ಕೂತ್ಕೊಳ್ಳಲಾ?

ಪ್ರಶ್ನೆ: ನಮ್ಮದು ಚನ್ನಗಿರಿ ತಾಲ್ಲೂಕಿನ ಹಳ್ಳಿ, ಅಡಿಕೆ ತೋಟ ಇದೆ, ಇಬ್ರು ಮಕ್ಕಳು. ಮಹಿಳಾ ಮೀಸಲಾತಿ ಬಂದು ನನ್ನ ಹೆಂಡ್ತಿ ಗ್ರಾಮ ಪಂಚಾಯ್ತಿ ಅಧ್ಯಕ್ಷೆ ಆಗಿದ್ದಾಳೆ. ಅಪ್ಪ "ವ್ಯವಹಾರ ಎಲ್ಲಾ ನೀನೇ ನೋಡ್ಕೋ" ಅಂತಾರೆ, ಮಿರ್ಚಿ ಅಂಗಡಿ ಹತ್ರ ಫ್ರೆಂಡ್ಸು "ಹೆಂಡ್ತಿ ಬ್ಯಾಗ್ ಹಿಡಿಯೋನು" ಅಂತ ನಗ್ತಾರೆ. ನನಗೆ ಅವಳ ಕುರ್ಚಿ ಬೇಡ, ಆದ್ರೆ ಅವಳೇ "ಭಯ ಆಗುತ್ರೀ, ನೀವೂ ಪಕ್ಕದಾಗೆ ಕೂತ್ಕೊಳ್ರಿ" ಅಂತಾಳೆ. ಏನ್ ಮಾಡ್ಲಿ?

ಉತ್ತರ: ಮೀಟಿಂಗ್ ರೂಮಿನೊಳಗೆ ಹೋಗ್ಬೇಡಿ, ಅವರೇ ಕರೆದ್ರೂ ಬೇಡ. ನೀವು ಪಕ್ಕದಲ್ಲಿ ಕೂತ್ರೆ ಮೆಂಬರ್‌ಗಳೆಲ್ಲ ನಿಮ್ಮ ಮುಖ ನೋಡ್ಕೊಂಡೇ ಮಾತಾಡ್ತಾರೆ, ಪಂಚಾಯ್ತಿ ಅಧಿಕಾರಿ ಪಿಡಿಒ ಕೂಡ ಫೈಲನ್ನ ನಿಮ್ಮ ಕಡೆಗೇ ಸರಿಸ್ತಾರೆ, ನೀವು ಬಾಯಿ ಬಿಡದಿದ್ರೂ ಅವತ್ತಿಂದ ಅಧ್ಯಕ್ಷರು ನೀವೇ. 1987ರ ಮಂಡಲ ಪಂಚಾಯ್ತಿ (ಈಗಿನ ಗ್ರಾಮ ಪಂಚಾಯ್ತಿ ಥರದ್ದು) ಚುನಾವಣೆಲೇ ನಮ್ಮ ರಾಜ್ಯ ಹೆಣ್ಮಕ್ಕಳಿಗೆ ಶೇ 25 ಸೀಟು ಇಟ್ಟಿತ್ತು, 2010ರಲ್ಲಿ ಶೇ 50 ಆಯ್ತು, ಇಷ್ಟಾದ್ರೂ ಎಷ್ಟೋ ಕಡೆ ಬೋರ್ಡಲ್ಲಿ ಹೆಸರು ಹೆಂಡ್ತೀದು, ಫೋನ್ ನಂಬರ್ ಗಂಡಂದು. ನೋಡಿದ್ರೆ ಹೊಟ್ಟೆ ಉರಿಯುತ್ತೆ. ನಿಮ್ಮೂರಲ್ಲೂ ಹಂಗೇ ಬರೆಸಿದ್ರೆ ಮೊದಲು ಅದನ್ನ ಅಳಿಸಿ ಅವರ ನಂಬರ್ ಹಾಕ್ಸಿ.

ಅವರ ಭಯ ಸುಳ್ಳಲ್ಲ, ಅದಕ್ಕೆ ಮನೇಲೇ ತಯಾರಿ ಮಾಡ್ಸಿ. ನೋಟಿಸ್ ಬಂದ ರಾತ್ರಿ ಊಟ ಆದ್ಮೇಲೆ ಅಜೆಂಡಾನ ಅವರ ಕೈಲೇ ಜೋರಾಗಿ ಓದ್ಸಿ, ಈ ಬೋರ್‌ವೆಲ್ ಯಾವ ಓಣಿಗೆ, ದುಡ್ಡು ಯಾವ ಯೋಜನೆದು ಅಂತ ನೀವು ಮೆಂಬರ್ ಥರ ಜಗ್ಗಾಡಿ ಕೇಳಿ, ಅವರು ಉತ್ತರ ಹುಡುಕ್ಲಿ. ಚುನಾಯಿತ ಸದಸ್ಯರಿಗೆ ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯವರ ತರಬೇತಿ ಇರುತ್ತೆ, ತಪ್ಪಿಸದೆ ಕಳಿಸಿ.

ನಿಮ್ಮ ನಿಜವಾದ ಕೆಲಸ ಇರೋದು ಮನೇಲಿ. ಡೈರಿಗೆ ಹಾಲು ಹಾಕಿ, ರೊಟ್ಟಿ ಬಡಿದು, ಮಕ್ಕಳನ್ನ ಸ್ಕೂಲಿಗೆ ಕಳಿಸಿ ಹನ್ನೊಂದಕ್ಕೆ ಓಡೋಡಿ ಹೋದ ಹೆಣ್ಮಗಳು ಫೈಲ್ ಓದೋದು ಯಾವಾಗ? ಓದದೆ ತಡವರಿಸಿದ್ರೆ "ಹೆಂಗಸ್ರಿಗೇನ್ ಗೊತ್ತಾಗುತ್ತೆ" ಅನ್ನೋಕೆ ನಾಲ್ಕು ಜನ ಕಾದೇ ಇರ್ತಾರೆ. ಬೆಳಗಿನ ಆ ಕೆಲಸನೆಲ್ಲ ನೀವು ತಗೊಳ್ಳಿ, ಯಾವತ್ತೋ ಒಂದಿನ ಅಲ್ಲ, ಅವರ ಅವಧಿ ಮುಗಿಯೋವರೆಗೂ.

ಇನ್ನು ದುಡ್ಡಿನ ವಿಷಯ, ಇದ್ರಲ್ಲಿ ಮಾತ್ರ ಸಡಿಲ ಬಿಡ್ಬೇಡಿ. ಡಿಜಿಟಲ್ ಸಹಿಯ ಪೆನ್‌ಡ್ರೈವ್ ಆಗ್ಲಿ ಓಟಿಪಿ ಬರೋ ಫೋನ್ ಆಗ್ಲಿ ನಿಮ್ಮ ಜೇಬಲ್ಲಿ ಇರಬಾರದು, ಯಾರಾದ್ರೂ ಮನೆ ಬಾಗಿಲಿಗೆ ಬಿಲ್ ತಂದು "ಅಕ್ಕಾರದ್ದೊಂದು ಸೈನ್ ಹಾಕ್ಸಿಕೊಡಣ್ಣ" ಅಂದ್ರೆ "ಆಫೀಸಿಗೆ ಹೋಗಿ, ಓದಿ ಹಾಕ್ತಾರೆ" ಅನ್ನಿ. ಹೆಚ್ಚುಕಮ್ಮಿ ಆದ್ರೆ ಸಹಿ ಹಾಕಿದ ಅವರೇ ಉತ್ತರ ಕೊಡ್ಬೇಕು, ತಂದವನಲ್ಲ. ಅಪ್ಪನಿಗೂ ಇದನ್ನೇ ಹೇಳಿ, ಅರ್ಥ ಮಾಡ್ಕೋತಾರೆ. ಫ್ರೆಂಡ್ಸಿಗೆ "ಹೂಂ ಕಣ್ರೋ, ಬ್ಯಾಗ್ ಹಿಡಿತೀನಿ" ಅಂದ್ಬಿಡಿ, ಅದ್ರಲ್ಲಿ ನಾಚಿಕೆಪಡೋದು ಏನಿದೆ?

ಗ್ರಾಮ ಸಭೆಗೆ ಮಾತ್ರ ಖಂಡಿತ ಹೋಗಿ, ಅಲ್ಲಿ ಊರಿನ ಎಲ್ಲಾ ಮತದಾರರಿಗೂ ಜಾಗ ಇದೆ. ಅಪ್ಪನ್ನೂ ಕರ್ಕೊಂಡು ಜನರ ಮಧ್ಯೆ ಕೂತ್ಕೊಳ್ಳಿ, ನಿಮ್ಮ ಓಣಿ ಚರಂಡಿ ಬಗ್ಗೆ ಕೇಳೋದಿದ್ರೆ ಎಲ್ರ ಹಾಗೇ ಎದ್ದು ನಿಂತು ಅಧ್ಯಕ್ಷರನ್ನ ಕೇಳಿ.